ಮಲೆನಾಡಿನ ಹೊಳೆ-ಹಳ್ಳಕ್ಕೆ ಕ್ಯಾಮೆರಾ ಮತ್ತು ಹೌಸಿಂಗ್: ನಾನು ಆರಿಸುವ ಬಗೆ

ನೀರೊಳಗಿನ ಫೋಟೊಗ್ರಫಿ ಬಗ್ಗೆ ಸಿಗುವ ಸಲಹೆಗಳು ಬಹುಪಾಲು ಸಮುದ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದವು. ನೇತ್ರಾಣಿಯಲ್ಲಿ ಡೈವ್ ಮಾಡುವವರಿಗೆ ಅವು ಸರಿ. ತೀರ್ಥಹಳ್ಳಿ ಹತ್ತಿರದ ತುಂಗೆಯಲ್ಲಿ, ಹೊಸನಗರ-ಸಾಗರದ ಕಡೆಯ ಹಳ್ಳಗಳಲ್ಲಿ ಕೆಲಸ ಮಾಡುವ ನಮಗೆ ಲೆಕ್ಕವೇ ಬೇರೆ. ಮೊಣಕಾಲುದ್ದದಿಂದ ಎದೆಮಟ್ಟದವರೆಗಿನ ನೀರು, ಎರಡು ಮೂರು ಮೀಟರ್ ಕಂಡರೆ ಅದೇ ತಿಳಿ, ಸುತ್ತಲೂ ಒದ್ದೆ ಗಾಳಿ. ಹಾಗಾಗಿ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವ ಪ್ರಶ್ನೆಯನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ನೋಡುವುದು, ಎಷ್ಟು ಹತ್ತಿರದಿಂದ ಎಷ್ಟು ಅಗಲ ಹಿಡಿಯುತ್ತದೆ ಮತ್ತು ಒಳಗೆ ತೇವ ಕೂರದಂತೆ ಕಾಪಾಡಿಕೊಳ್ಳುವುದು ಸುಲಭವೇ ಎಂಬುದನ್ನು.

ಕ್ಯಾಮೆರಾ ಕೊಂಡು ಆಮೇಲೆ ಹೌಸಿಂಗ್, ಅಂದರೆ ಕ್ಯಾಮೆರಾವನ್ನು ನೀರು ತಾಗದಂತೆ ಒಳಗಿಡುವ ಪೆಟ್ಟಿಗೆ, ಹುಡುಕಲು ಹೊರಟರೆ ಕಷ್ಟ. ಹೌಸಿಂಗನ್ನು ಒಂದೊಂದು ಮಾಡೆಲ್‌ಗೆಂದೇ ಅಳತೆ ಹಿಡಿದು ಮಾಡಿರುತ್ತಾರೆ. ಮುಂದಿನ ಮಾಡೆಲ್‌ನಲ್ಲಿ ಒಂದು ಬಟನ್ ಎರಡು ಮಿಲಿಮೀಟರ್ ಸರಿದರೂ ಹೊರಗಿನ ಕಡ್ಡಿ ಅದನ್ನು ಮುಟ್ಟುವುದಿಲ್ಲ. ಒಲಿಂಪಸ್ ಟಿಜಿ-6 ಎಂಬ ಪುಟ್ಟ ಕ್ಯಾಮೆರಾದ ಪಿಟಿ-059 ಹೌಸಿಂಗ್ ಟಿಜಿ-7ಕ್ಕೂ ಕೂರುತ್ತದೆ. ಇಂಥ ಅನುಕೂಲ ಅಪರೂಪ. ಆದ್ದರಿಂದ ಹೌಸಿಂಗ್ ಸಿಗುತ್ತದೆಯೇ, ಅದರ ಬಿಡಿ ಓ-ರಿಂಗ್ (ಮುಚ್ಚಳದ ಸಂದಿಯಲ್ಲಿ ನೀರು ತಡೆಯುವ ರಬ್ಬರ್ ಉಂಗುರ) ಸಿಗುತ್ತದೆಯೇ, ಪೋರ್ಟ್ (ಲೆನ್ಸ್ ಮುಂದಿನ ಕಿಟಕಿ) ಬದಲಿಸಬಹುದೇ ಎಂದು ಖಚಿತ ಮಾಡಿಕೊಂಡ ಮೇಲೆಯೇ ಕ್ಯಾಮೆರಾಗೆ ದುಡ್ಡು ಕೊಡಬೇಕು. ಅಲ್ಯುಮಿನಿಯಂ ಹೌಸಿಂಗ್ ಎಷ್ಟೋ ಸಲ ಕ್ಯಾಮೆರಾಗಿಂತ ದುಬಾರಿ. ನಮ್ಮ ಹಳ್ಳಗಳಿಗೆ ಪಾಲಿಕಾರ್ಬೊನೇಟ್ ಸಾಕು. ಪಾರದರ್ಶಕವಾದದ್ದಾದರೆ ಒಳಗೆ ಒಂದು ಹನಿ ಸೇರಿದರೂ ತಕ್ಷಣ ಕಣ್ಣಿಗೆ ಬೀಳುತ್ತದೆ.

ಇನ್ನು ಪೋರ್ಟ್ ವಿಚಾರ. ನನ್ನ ಪ್ರಕಾರ ಆಯ್ಕೆಯ ಜೀವಾಳವೇ ಇದು. ನೀರಿನ ವಕ್ರೀಭವನ ಸೂಚ್ಯಂಕ (ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬ ಅಳತೆ) 1.33. ಚಪ್ಪಟೆ ಪೋರ್ಟ್ ಹಿಂದೆ 24 ಎಂಎಂಗೆ ಸಮನಾದ ಲೆನ್ಸ್ ಇಟ್ಟರೆ, ಗಾಳಿಯಲ್ಲಿ ಮೂಲೆಯಿಂದ ಮೂಲೆಗೆ 84 ಡಿಗ್ರಿ ಇರುವ ಅದರ ನೋಟ ನೀರಿನಲ್ಲಿ ಸುಮಾರು 60 ಡಿಗ್ರಿಗೆ ಇಳಿಯುತ್ತದೆ. 40 ಸೆಂಟಿಮೀಟರ್ ಉದ್ದದ ಒಂದು ಮಹಶೀರ್ ಮೀನು, ಅದರ ಹಿಂದೆ ಮುಂದೆ ಒಂದಿಷ್ಟು ಜಾಗ, ಒಟ್ಟು 60 ಸೆಂಟಿಮೀಟರ್ ಅಗಲ ಚೌಕಟ್ಟಿಗೆ ಬರಬೇಕೆಂದರೆ ಚಪ್ಪಟೆ ಪೋರ್ಟ್‌ನಲ್ಲಿ ಹತ್ತಿರ ಹತ್ತಿರ 60 ಸೆಂಟಿಮೀಟರ್ ದೂರ ನಿಲ್ಲಬೇಕು. ಗುಮ್ಮಟದಂತೆ ಉಬ್ಬಿದ ಡೋಮ್ ಪೋರ್ಟ್ ಮೂಲ ಕೋನವನ್ನು ಉಳಿಸುವುದರಿಂದ 40 ಸೆಂಟಿಮೀಟರಿನಲ್ಲೇ ಅಷ್ಟು ಸಿಗುತ್ತದೆ. ನಡುವಿನ ಆ 20 ಸೆಂಟಿಮೀಟರ್ ನೀರು, ಅದರಲ್ಲಿ ತೇಲುವ ಪಾಚಿಯ ಚೂರು, ಕೆಸರಿನ ಕಣ, ಇಷ್ಟನ್ನೂ ಚಿತ್ರದಿಂದ ತೆಗೆದುಹಾಕಿದಂತಾಯಿತು. ನೀರಿನಲ್ಲಿ ಎಷ್ಟು ದೂರ ಕಾಣುತ್ತದೋ ಅದರ ಮೂರನೇ ಒಂದು ಭಾಗದೊಳಗೆ ತೆಗೆದ ಚಿತ್ರ ಮಾತ್ರ ಗರಿಗರಿಯಾಗಿರುತ್ತದೆ. ದೂರ ಅಳೆಯಲು ನಾನು ಮಾಡುವುದು ಇಷ್ಟೆ: ಬಿಳಿ ತಟ್ಟೆಯೊಂದನ್ನು ನೀರೊಳಗೆ ಕಲ್ಲಿಗೆ ಒರಗಿಸಿ, ಮಾಸ್ಕ್ ಹಾಕಿಕೊಂಡು ಟೇಪ್ ಹಿಡಿದು ಹಿಂದೆ ಸರಿಯುತ್ತ, ಅದು ಮಾಯವಾಗುವ ಜಾಗ ಗುರುತಿಸುವುದು.

ಡೋಮ್‌ಗೆ ಒಂದು ಷರತ್ತಿದೆ. ನೀರಿನಲ್ಲಿ ಡೋಮ್ ತಾನೇ ಒಂದು ಲೆನ್ಸ್ ಆಗಿಬಿಡುತ್ತದೆ. ಬಹು ದೂರದ ವಸ್ತುವಿನ ಬಿಂಬವೂ ಡೋಮ್ ಎದುರು, ಅದರ ತ್ರಿಜ್ಯದ ಮೂರು ಪಟ್ಟು ದೂರದಲ್ಲಿ ಮೂಡುತ್ತದೆ. ಆರು ಇಂಚಿನ ಅರೆಗೋಳದಲ್ಲಿ ತ್ರಿಜ್ಯ 7.5 ಸೆಂಟಿಮೀಟರ್. ಹಾಗಾದರೆ ಗಾಜಿನಿಂದ 22-23 ಸೆಂಟಿಮೀಟರ್ ದೂರಕ್ಕೆ ಲೆನ್ಸ್ ಫೋಕಸ್ ಆಗಲೇಬೇಕು. ಹತ್ತಿರದ ಮೀನಿನ ಬಿಂಬ ಇನ್ನೂ ಹತ್ತಿರ. ಆಗದ ಲೆನ್ಸ್‌ಗೆ ನೀರಿನಲ್ಲಿ ಏನೂ ಸ್ಪಷ್ಟವಾಗಿ ಸಿಗುವುದಿಲ್ಲ. ಮುಂದೆ +2 ಅಥವಾ +4 ಕ್ಲೋಸಪ್ ಫಿಲ್ಟರ್ ಹಾಕಬೇಕಾಗುತ್ತದೆ. ಕೊಳ್ಳುವ ಮೊದಲೇ ಇದನ್ನು ಅಂಗಡಿಯ ಮೇಜಿನ ಮೇಲೆ ಪರೀಕ್ಷಿಸಬಹುದು. ಲೆನ್ಸ್ ತುದಿಯಿಂದ 15-20 ಸೆಂಟಿಮೀಟರಿಗೆ ಪತ್ರಿಕೆಯ ಹಾಳೆ ಹಿಡಿದು, ಅಕ್ಷರ ಚೂಪಾಗಿ ಬರುತ್ತದೆಯೇ ನೋಡಿ. ಡೋಮ್ ಅಕ್ರಿಲಿಕ್ ಆಗಿರಲಿ ಎಂಬುದು ನನ್ನ ಅಭಿಪ್ರಾಯ. ಹೊಳೆಯ ಬಂಡೆಗೆ ತಾಗಿ ಗೀರು ಬೀಳುವುದು ನಿಜ, ಆದರೆ ನೀರಿನಲ್ಲಿ ಸಣ್ಣ ಗೀರು ತುಂಬಿಕೊಂಡು ಕಾಣದಂತಾಗುತ್ತದೆ, ನಯವಾದ ಪಾಲಿಶ್ ಬಟ್ಟೆಯಿಂದ ಮನೆಯಲ್ಲೇ ಉಜ್ಜಿ ತೆಗೆಯಬಹುದು. ಗಾಜು ಒಡೆದರೆ ಅಲ್ಲಿಗೆ ಮುಗಿಯಿತು.

ಇಷ್ಟು ಖರ್ಚು ಬೇಡ ಅನ್ನುವವರಿಗೆ ನಾನು ಸೂಚಿಸುವುದು ಟಿಜಿ-6 ಅಥವಾ ಟಿಜಿ-7. ಹೌಸಿಂಗ್ ಇಲ್ಲದೆಯೇ 15 ಮೀಟರ್ ತಡೆಯುತ್ತದೆ, ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಕೊಡುತ್ತದೆ, ಮೈಕ್ರೋಸ್ಕೋಪ್ ಮೋಡ್‌ನಲ್ಲಿ ಒಂದು ಸೆಂಟಿಮೀಟರ್ ದೂರಕ್ಕೂ ಫೋಕಸ್ ಆಗುತ್ತದೆ. ಗೊದಮೊಟ್ಟೆ, ಕಲ್ಲೇಡಿ, ಕಲ್ಲಿನಡಿಯ ಹುಳುಗಳಿಗೆ ಇದಕ್ಕಿಂತ ಸಲೀಸಾದ ಸಾಧನ ನನಗೆ ಗೊತ್ತಿಲ್ಲ. ಕೊರತೆಯೂ ಇದೆ: ಸೆನ್ಸರ್ ಚಿಕ್ಕದು, ಮರದ ನೆರಳಿನ ಹಳ್ಳದಲ್ಲಿ ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 800 ದಾಟಿದರೆ ಚಿತ್ರ ಕಾಳುಕಾಳಾಗುತ್ತದೆ. ಗೋಪ್ರೋ ಥರದ ಆ್ಯಕ್ಷನ್ ಕ್ಯಾಮೆರಾ ವಿಡಿಯೊಗೆ ಚೆನ್ನ. ಆದರೆ ಸ್ಥಿರ ಫೋಕಸ್ ಇರುವ ಮಾಡೆಲ್‌ಗಳಲ್ಲಿ ಒಂದು ಅಡಿಗಿಂತ ಹತ್ತಿರದ್ದು ಮಸುಕು. ಮೊಬೈಲ್ ಆ್ಯಪ್‌ನಿಂದ ನಡೆಸುತ್ತೇನೆ ಅಂದುಕೊಳ್ಳಬೇಡಿ. ವೈಫೈ, ಬ್ಲೂಟೂತ್ ನೀರಿನಲ್ಲಿ ಕೆಲವೇ ಸೆಂಟಿಮೀಟರಿಗೆ ಸತ್ತುಹೋಗುತ್ತವೆ. ಸಣ್ಣ ಟ್ರೈಪಾಡ್‌ಗೆ ಕಟ್ಟಿ, ಐದು ಸೆಕೆಂಡಿಗೊಂದು ಫೋಟೊ ತೆಗೆಯುವಂತೆ ಹೊಂದಿಸಿ, ಮಡುವಿನ ತಳದಲ್ಲಿ ಕೂರಿಸಿ ದಡಕ್ಕೆ ಬಂದುಬಿಡಿ. ಮನುಷ್ಯ ಪಕ್ಕದಲ್ಲಿಲ್ಲದಾಗ ಮೀನುಗಳು ತಾವಾಗಿ ಬಂದು ಲೆನ್ಸ್ ಮೂಸುತ್ತವೆ. ಶೃಂಗೇರಿ, ಚಿಬ್ಬಲಗುಡ್ಡೆಯಂಥ ಕಡೆ ದೇವರ ಮೀನುಗಳಿರುವಲ್ಲಿ ನೀರಿಗೆ ಇಳಿಯಲೇಬಾರದು. ಅನುಮತಿ ಕೇಳಿಕೊಂಡು, ಮೆಟ್ಟಿಲ ಮೇಲೆ ಕೂತು ಮಾನೊಪಾಡ್ (ಕ್ಯಾಮೆರಾ ಕಟ್ಟುವ ಒಂಟಿ ಕೋಲು) ತುದಿಯಲ್ಲಿ ಕ್ಯಾಮೆರಾ ಅದ್ದಿದರೆ ಸಾಕು. ಅಭಯಾರಣ್ಯದೊಳಗಿನ ಹಳ್ಳವಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಈಗ ನೀರು ಸೋರುವ ವಿಚಾರ. 40 ಮೀಟರ್ ತಡೆಯುವ ಹೌಸಿಂಗ್ ಒಂದಡಿ ನೀರಿನಲ್ಲಿ ಸೋರುವುದುಂಟು. ಆಳಕ್ಕೆ ಹೋದಂತೆ, 10 ಮೀಟರಿಗೆ ಒಂದು ವಾಯುಭಾರದ ಹಾಗೆ ಒತ್ತಡ ಏರಿ ಮುಚ್ಚಳವನ್ನು ಓ-ರಿಂಗ್ ಮೇಲೆ ಅದುಮುತ್ತದೆ. ಮೇಲ್ಮಟ್ಟದಲ್ಲಿ ಆ ಒತ್ತಡವಿಲ್ಲ, ರಿಂಗ್ ಮೇಲೆ ಒಂದು ಕೂದಲೋ ಮರಳಿನ ಕಣವೋ ಇದ್ದರೆ ನೀರಿಗೆ ಅದೇ ದಾರಿ. ಅಂದರೆ ಓ-ರಿಂಗ್ ವಿಷಯದಲ್ಲಿ ಡೈವ್ ಮಾಡುವವರಿಗಿಂತ ನಾವು ಹೆಚ್ಚು ಜಾಗ್ರತೆಯಾಗಿರಬೇಕು. ರಿಂಗನ್ನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಬ್ಬಿಸಿ; ಪಿನ್ನು, ಚಾಕು ಬೇಡ. ಎಳೆ ಬಿಡದ ಬಟ್ಟೆಯಲ್ಲಿ ರಿಂಗ್ ಕೂರುವ ತೋಡನ್ನೂ ರಿಂಗನ್ನೂ ಒರೆಸಿ. ಹೌಸಿಂಗ್ ಕಂಪನಿಯೇ ಕೊಟ್ಟ ಗ್ರೀಸ್ ಅಕ್ಕಿಕಾಳಿನಷ್ಟು ತೆಗೆದುಕೊಂಡು ಬೆರಳ ನಡುವೆ ಸವರಿ, ರಿಂಗ್ ಹೊಳೆದರೆ ಸಾಕು. ಹೆಚ್ಚಾದ ಗ್ರೀಸ್ ಧೂಳು ಹಿಡಿಯುತ್ತದೆ. ವ್ಯಾಸಲೀನ್ ಹಚ್ಚಬಾರದು, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬುತ್ತದೆ. ಇಂಬಳಕ್ಕೆಂದು ಕೈಕಾಲಿಗೆ ಹಚ್ಚಿಕೊಂಡ ಎಣ್ಣೆ, ಸುಣ್ಣ, ನಶ್ಯದ ಪುಡಿ, ಯಾವುದೂ ರಿಂಗ್ ಹತ್ತಿರ ಸುಳಿಯಬಾರದು. ಸೊಳ್ಳೆಗೆ ಹಚ್ಚುವ ಡೀಟ್ ಇರುವ ಮುಲಾಮು ಪ್ಲಾಸ್ಟಿಕ್ಕನ್ನೇ ಮಂಕು ಮಾಡುತ್ತದೆ.

ಮೊದಲ ಪರೀಕ್ಷೆ ಕ್ಯಾಮೆರಾ ಇಲ್ಲದೆ ಆಗಲಿ. ಒಳಗೆ ಒಣ ಟಿಶ್ಯೂ ಇಟ್ಟು, ಬಕೆಟ್ಟಿನ ತಳಕ್ಕೆ 20 ನಿಮಿಷ ಅದುಮಿ ಹಿಡಿದು ಪ್ರತಿ ಬಟನ್ ಒತ್ತಿ ನೋಡಿ. ಒಂದೇ ಜಾಗದಿಂದ ಬಿಡದೆ ಗುಳ್ಳೆ ಏಳುತ್ತಿದ್ದರೆ ಅಲ್ಲೇ ದೋಷ. ವ್ಯಾಕ್ಯೂಮ್ ಪಂಪ್ ಹಾಕುವ ಸೌಲಭ್ಯವಿರುವ ಹೌಸಿಂಗ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ಕೊಳ್ಳಿ. ಒಳಗಿನ ಗಾಳಿ ಎಳೆದು ಅರ್ಧ ಗಂಟೆ ಬಿಟ್ಟರೂ ಒತ್ತಡ ಕದಲದಿದ್ದರೆ ನಿಶ್ಚಿಂತೆ. ನಮ್ಮ ಒಂದಡಿ ನೀರಿನಲ್ಲಿ ಮುಚ್ಚಳ ಬಿಗಿಯಾಗಿ ಕೂರುವುದೂ ಇದರಿಂದಲೇ.

ಸೋರದಿದ್ದರೂ ಪೋರ್ಟ್ ಒಳಗೆ ಮಂಜು ಕಟ್ಟುವುದು ನಮ್ಮ ಕಡೆಯ ದೊಡ್ಡ ಕಾಟ. 28 ಡಿಗ್ರಿ ಬಿಸಿ, ಶೇಕಡಾ 80 ತೇವ ಇರುವ ಗಾಳಿಯನ್ನು ಒಳಗಿಟ್ಟು ಮುಚ್ಚಿದರೆ, ಸುಮಾರು 24 ಡಿಗ್ರಿಗೆ ತಣಿದ ಕೂಡಲೇ ಅದು ಹನಿಗಟ್ಟುತ್ತದೆ. ಹಳ್ಳದ ನೀರು 20-22 ಡಿಗ್ರಿ ಇದ್ದರೆ ಪೋರ್ಟ್ ಮಸುಕಾಗದೆ ಬೇರೆ ದಾರಿಯಿಲ್ಲ. ಅದಕ್ಕೇ ನಾನು ಹೌಸಿಂಗ್ ಮುಚ್ಚುವುದು ಬೆಳಗಿನ ಚಳಿಯಲ್ಲಿ. 16 ಡಿಗ್ರಿಯ ಗಾಳಿ ತೇವದಿಂದ ತುಂಬಿದ್ದರೂ ಅದರಲ್ಲಿ ಇರುವ ನೀರಿನ ಅಂಶ ಕಡಿಮೆ, 20 ಡಿಗ್ರಿಯ ಹೊಳೆಯಲ್ಲಿ ಅದು ಹನಿಯಾಗುವುದಿಲ್ಲ. ಬ್ಯಾಟರಿ, ಕಾರ್ಡ್ ಹೊಸದಾಗಿ ಹಾಕಿಯೇ ಮುಚ್ಚಿ, ದಡದಲ್ಲಿ ಮತ್ತೆ ತೆರೆಯುವಂತಾಗಬಾರದು. ಒಣಗಿಸಿದ ಸಿಲಿಕಾ ಜೆಲ್ ಪೊಟ್ಟಣ ಎರಡು ಒಳಗಿರಲಿ, ರಿಂಗ್‌ಗೆ ತಾಗದಂತೆ. ಮುಚ್ಚಿದ ಹೌಸಿಂಗನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ.

ಹೊಳೆ ತಿಳಿಯಾಗುವುದು ಮಳೆಗಾಲದ ಕೆಂಪು ನೀರು ಇಳಿದ ಮೇಲೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯ ಆಸುಪಾಸಿನಿಂದ ಬೇಸಿಗೆ ಮೊದಲಾಗುವವರೆಗೆ. ಅಣೆಕಟ್ಟು, ವಿದ್ಯುದಾಗಾರಗಳ ಕೆಳಗಡೆ ಯಾವ ಕಾಲದಲ್ಲೂ ಇಳಿಯಬೇಡಿ, ನೀರು ಬಿಟ್ಟರೆ ಮಟ್ಟ ಏಕಾಏಕಿ ಏರುತ್ತದೆ. ಬಣ್ಣದ ವಿಷಯದಲ್ಲೂ ಸಮುದ್ರದ ಪಾಠ ಇಲ್ಲಿ ನಡೆಯುವುದಿಲ್ಲ. ಸಮುದ್ರದಲ್ಲಿ ಮೊದಲು ಕೆಂಪು ಮಾಯವಾಗುತ್ತದೆ, ಕೆಂಪು ಫಿಲ್ಟರ್ ಹಾಕುತ್ತಾರೆ. ಕೊಳೆತ ಎಲೆಯ ಸಾರ ಕರಗಿದ ಕಾಡಿನ ಹಳ್ಳ ನೀಲಿಯನ್ನೇ ನುಂಗುತ್ತದೆ, ಚಿತ್ರ ಹಳದಿ ಕಂದಾಗುತ್ತದೆ. ಹಾಗಾಗಿ ಫಿಲ್ಟರ್ ಬಿಟ್ಟು, ಮೀನು ಇರುವಷ್ಟೇ ದೂರದಲ್ಲಿ ಬೂದು ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸ್ (ಬಣ್ಣದ ಸಮತೋಲ) ಹೊಂದಿಸಿ, ರಾದಲ್ಲೇ ತೆಗೆಯಿರಿ. ಬೆಳಗ್ಗೆ ಹತ್ತರಿಂದ ಎರಡರವರೆಗಿನ ಬಿಸಿಲಿನಲ್ಲಿ 1/250 ಸೆಕೆಂಡ್, ಎಫ್/8 (ಲೆನ್ಸ್‌ನ ಬೆಳಕಿನ ಕಿಂಡಿಯ ಅಳತೆ), ಐಎಸ್ಒ 400ರಿಂದ ಶುರು ಮಾಡಬಹುದು. ಅರ್ಧ ದಡ, ಅರ್ಧ ನೀರು ಕಾಣುವ ಚಿತ್ರಕ್ಕೆ ಕಿಂಡಿಯನ್ನು ಎಫ್/11ಕ್ಕಿಂತ ಕಿರಿದಾಗಿಸಿ, ಫೋಕಸ್ ನೀರೊಳಗಿನ ಭಾಗಕ್ಕೆ ಕೊಡಿ. ಡೋಮನ್ನು ಪೂರ್ತಿ ಮುಳುಗಿಸಿ ಎತ್ತಿದ ಕೂಡಲೇ, ನೀರಿನ ಪೊರೆ ಒಡೆದು ಹನಿಗಳಾಗುವ ಮೊದಲೇ ಕ್ಲಿಕ್ಕಿಸಬೇಕು.

ಸಿಹಿನೀರು ತಾನೇ ಎಂದು ತೊಳೆಯದೆ ಇಟ್ಟರೆ ಬಟನ್ ಸಂದಿಗೆ ಸೇರಿದ ಜೇಡಿ ಗಟ್ಟಿಯಾಗುತ್ತದೆ. ಶುದ್ಧ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎಲ್ಲ ಬಟನ್ ಒತ್ತಿ ಒತ್ತಿ ತೊಳೆದು ನೆರಳಲ್ಲಿ ಒಣಗಿಸಿ. ಆಗುಂಬೆ, ಹುಲಿಕಲ್ ಕಡೆಯ ಮಳೆಗಾಲದಲ್ಲಿ ಲೆನ್ಸ್‌ಗೆ ಬೂಷ್ಟು ಹಿಡಿಯುವುದು ಖಂಡಿತ, ಕ್ಯಾಮೆರಾ ಚೀಲದಲ್ಲಿಟ್ಟರಂತೂ ಇನ್ನೂ ಬೇಗ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅರ್ಧ ಕಿಲೊ ಸಿಲಿಕಾ ಜೆಲ್, ತೇವಮಾಪಕ ಒಂದು. ಮುಳ್ಳು 45ರಿಂದ 50ರ ನಡುವೆ ನಿಲ್ಲಬೇಕು. 60 ದಾಟಿದರೆ ಜೆಲ್ಲನ್ನು ಓವನ್‌ನಲ್ಲಿ 120 ಡಿಗ್ರಿಗೆ ಎರಡು ಗಂಟೆ ಒಣಗಿಸಿ ಮತ್ತೆ ಹಾಕಿ. ಹೌಸಿಂಗನ್ನು ಮಾತ್ರ ಕೊಂಡಿ ಹಾಕದೆ, ಮುಚ್ಚಳ ಸಡಿಲ ಬಿಟ್ಟು ಇಡಿ. ತಿಂಗಳುಗಟ್ಟಲೆ ಅದುಮಿಕೊಂಡೇ ಇದ್ದ ಓ-ರಿಂಗ್ ಚಪ್ಪಟೆಯಾಗಿ, ಮುಂದಿನ ಹಂಗಾಮಿಗೆ ಹಿಡಿತ ಕೊಡುವುದಿಲ್ಲ.