ಟಂಡ್ರಾ ಮಣ್ಣನ್ನು ಒತ್ತದೆ ಕೊಯ್ಯಲು ಕಲಿತದ್ದು

ಅಲಾಸ್ಕಾದ ಟೂಲಿಕ್ ಸರೋವರದ ಬಳಿಯ ಟಂಡ್ರಾದಲ್ಲಿ, ಅಂದರೆ ಮರಗಳಿಲ್ಲದ ಶೀತ ಬಯಲಿನಲ್ಲಿ, ಮಣ್ಣು ಎಷ್ಟು ಇಂಗಾಲ ಹಿಡಿದಿಟ್ಟಿದೆ ಎಂದು ಅಳೆಯಲು ಮೊದಲ ಬೇಸಿಗೆಯಲ್ಲಿ ನಾನು ಮಾದರಿ ತೆಗೆದದ್ದು ಉಕ್ಕಿನ ಕೊಳವೆಯಿಂದ. ಒತ್ತಿದೆ, ತಿರುಗಿಸಿದೆ, ಎತ್ತಿದೆ. ಒಂದು ದಿನ ಯಾಕೋ ಗುಂಡಿಯ ಆಳವನ್ನೂ ಅಳೆದು ನೋಡಿದರೆ 19 ಸೆಂ.ಮೀ. ಕೊಳವೆಯೊಳಗಿನ ಮಣ್ಣು 14 ಮಾತ್ರ! ಹಾವಸೆ ಮತ್ತು ಅರೆಕೊಳೆತ ಬೇರುಗಳ ಆ ಪದರ ಸ್ಪಂಜಿನಂತೆ ಕುಗ್ಗಿಬಿಟ್ಟಿತ್ತು. ಇಂಗಾಲದ ಸಂಗ್ರಹವನ್ನು ಲೆಕ್ಕ ಹಾಕುವುದು ಪದರದ ದಪ್ಪ, ಸಾಂದ್ರತೆ, ಇಂಗಾಲದ ಪಾಲು ಈ ಮೂರನ್ನು ಗುಣಿಸಿ. ಕುಗ್ಗಿದ ಮಣ್ಣನ್ನು 10 ಸೆಂ.ಮೀ.ಗೆ ಕತ್ತರಿಸಿದರೆ ಕೆಳಗಿನ ಪದರದ ಇಂಗಾಲವೂ ಮೇಲಿನದರ ಖಾತೆಗೆ ಸೇರುತ್ತದೆ. ಆ ಬೇಸಿಗೆಯ ಅಂಕಿಗಳನ್ನೆಲ್ಲ ಕೈಬಿಟ್ಟೆ. ತುಂಬ ಸಂಕಟವಾಯಿತು.

ಮರುವರ್ಷ ಹಲ್ಲುಗಳಿರುವ ಬ್ರೆಡ್ ಚಾಕು ಹಿಡಿದೆ. 10 ಸೆಂ.ಮೀ. ಚೌಕ ಗುರುತಿಸಿ, ಮೇಲಿಂದ ಭಾರ ಹಾಕದೆ ಗರಗಸದಂತೆ ಆಡಿಸುತ್ತ ನಾಲ್ಕೂ ಬದಿ ಕೊಯ್ದು, ಇಟ್ಟಿಗೆಯಂತೆ ಎತ್ತಿದೆ. ನಾಲ್ಕು ಬದಿಯ ಎತ್ತರವನ್ನೂ ಬರೆದುಕೊಂಡೆ. ಅಡಿಯ ಖನಿಜ ಮಣ್ಣು ಅಷ್ಟು ಸುಲಭವಾಗಿ ಕುಗ್ಗದು, ಅದಕ್ಕೆ ಕೊಳವೆಯೇ ಸಾಕು. ಜುಲೈನಲ್ಲೂ ಮೊಣಕಾಲಿನಷ್ಟು ಆಳಕ್ಕೆ ಹೋಗುವುದರೊಳಗೆ ನೆಲಕ್ಕೆ ಚುಚ್ಚಿದ ಸರಳು ಠಣ್ಣೆಂದು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಪರ್ಮಾಫ್ರಾಸ್ಟ್, ಬೇಸಿಗೆಯಲ್ಲೂ ಕರಗದೆ ಹೆಪ್ಪುಗಟ್ಟಿಯೇ ಇರುವ ನೆಲ.

ಇಂಗಾಲದ ಜೊತೆಗೆ ಗಿಡಗಳಿಗೆ ಸಿಗುವ ಸಾರಜನಕವನ್ನೂ ಅಳೆಯಬೇಕು, ಆ ಕೆಲಸ ಮರುದಿನಕ್ಕೆ ಉಳಿಯಬಾರದು. ಚೀಲದೊಳಗೂ ಸೂಕ್ಷ್ಮಜೀವಿಗಳು ಸುಮ್ಮನಿರದೆ ಆ ಸಾರಜನಕವನ್ನು ಬದಲಿಸುತ್ತಲೇ ಇರುತ್ತವಲ್ಲ. ಅದೇ ಸಂಜೆ, ಸಾರಜನಕವನ್ನು ಮಣ್ಣಿನಿಂದ ಬಿಡಿಸಲು, ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣದ ದ್ರಾವಣದಲ್ಲಿ ಮಣ್ಣನ್ನು ಅಲುಗಾಡಿಸಿ, ಸೋಸಿ, ತಿಳಿಯನ್ನು ಹೆಪ್ಪುಗಟ್ಟಿಸಿಡುತ್ತೇನೆ. ಈ ಮಣ್ಣಿನಲ್ಲಿ ಸಾರಜನಕಕ್ಕೆ ಕೊರತೆಯಿಲ್ಲ, ಆದರೆ ಅದರ ಬಹುಪಾಲು ಕೊಳೆಯದ ಸಸ್ಯಾಂಶದಲ್ಲೇ ಬಂಧಿಯಾಗಿರುತ್ತದೆ. ಚಳಿ ಮತ್ತು ನೀರು ನಿಂತ ನೆಲ ಕೊಳೆಯುವುದನ್ನು ನಿಧಾನಿಸುತ್ತವೆ. ಇಂಗಾಲ ಉಳಿದಿರುವುದೂ, ಗಿಡಗಳು ಹಸಿದಿರುವುದೂ ಈ ಒಂದೇ ಕಾರಣಕ್ಕೆ. ಇಲ್ಲಿಯ ಹತ್ತಿಹುಲ್ಲು ಕೊಳೆತ ಮೇಲೆ ಸಿಗುವ ಸರಳ ಸಾರಜನಕ ರೂಪವಾದ ಅಮೋನಿಯಂಗೆ ಕಾಯದೆ, ಸಾರಜನಕವಿರುವ ಅಮೈನೋ ಆಮ್ಲಗಳನ್ನೇ ಬೇರಿನಿಂದ ಹೀರಬಲ್ಲದು.

ಹಾಗಾದರೆ ಗೊಬ್ಬರ ಕೊಟ್ಟರೆ ಇಂಗಾಲ ಹೆಚ್ಚಬೇಕಲ್ಲವೇ? ನಾನೂ ಹಾಗೆಂದೇ ನಂಬಿದ್ದೆ. ಟೂಲಿಕ್‌ನಲ್ಲೇ 1981ರಿಂದ ಚದರ ಮೀಟರಿಗೆ ವರ್ಷಕ್ಕೆ 10 ಗ್ರಾಂ ಸಾರಜನಕ, 5 ಗ್ರಾಂ ರಂಜಕ ಹಾಕುತ್ತ ಬಂದ ಪ್ರಯೋಗದ ತಾಕುಗಳಿವೆ. ಅಲ್ಲಿ ಕುಳ್ಳ ಬರ್ಚ್ ಪೊದೆಗಳು ದಟ್ಟವಾಗಿ ಬೆಳೆದವು. ಆದರೂ 20 ವರ್ಷಗಳಲ್ಲಿ ಚದರ ಮೀಟರಿಗೆ ಸುಮಾರು 2 ಕೆ.ಜಿ. ಇಂಗಾಲ ಒಟ್ಟಾರೆ ಕಡಿಮೆಯಾಗಿತ್ತೆಂದು 2004ರಲ್ಲಿ ಪ್ರಕಟವಾಯಿತು. ಪೊದೆಗಳು ಕೂಡಿಸಿದ್ದಕ್ಕಿಂತ ಹೆಚ್ಚನ್ನು ಆಳದ ಪದರಗಳು ಕಳೆದುಕೊಂಡಿದ್ದವು.

ಅದಕ್ಕೇ ಈಗ ಇಟ್ಟಿಗೆ ಕೈಗೆ ಬಂದೊಡನೆ ಅಡಿಯ ಪದರವನ್ನೇ ಮೊದಲು ಬೇರ್ಪಡಿಸುತ್ತೇನೆ. ಅದರ ಬೇರುಗಳನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕುವಾಗ ಮಧ್ಯಾಹ್ನವೇ ಕಳೆದುಹೋಗುತ್ತದೆ. ಹೋಗಲಿ.