ಮುದ್ದೆ ಬಿಡದೆ ಸೊಂಟದ ಬೊಜ್ಜು ಇಳಿಸಿದ್ದು

ಹಾಸನದಲ್ಲಿ ತಪ್ಪದೆ ಜಿಮ್‌ಗೆ ಹೋಗುತ್ತಿದ್ದರೂ ತೂಕ 72 ಕೆಜಿಯಲ್ಲೇ ನಿಂತಿತ್ತು. ಸೊಂಟ ಇಳಿಯಲಿಲ್ಲ, ಎತ್ತುವ ಭಾರವೂ ಏರಲಿಲ್ಲ. ರಾತ್ರಿ ಮುದ್ದೆ ಬಿಟ್ಟೆ, ಬಿಸಿನೀರಿಗೆ ಜೇನು ಹಾಕಿ ಕುಡಿದೆ, ಓಟ ಹೆಚ್ಚಿಸಿದೆ. ಯಾವುದೂ ನಾಟಲಿಲ್ಲ.

ಕೆಲಸಕ್ಕೆ ಬಂದದ್ದು ಅಡುಗೆಮನೆಯ ತಕ್ಕಡಿ. ಮೊದಲು ದಿನದ ಒಟ್ಟು ಗೊತ್ತುಮಾಡಿಕೊಂಡೆ: 2000 ಕ್ಯಾಲೊರಿ. ಆಮೇಲೆ ಪ್ರೋಟೀನ್, ಕೆಜಿ ತೂಕಕ್ಕೆ 1.6 ಗ್ರಾಂನಂತೆ 115 ಗ್ರಾಂ. ಕೊಬ್ಬು 55 ಗ್ರಾಂ. ಪ್ರೋಟೀನ್, ಕಾರ್ಬ್ (ಕಾರ್ಬೊಹೈಡ್ರೇಟ್, ಅಂದರೆ ಪಿಷ್ಟ, ಸಕ್ಕರೆ) ಎರಡಕ್ಕೂ ಗ್ರಾಂಗೆ 4 ಕ್ಯಾಲೊರಿ, ಕೊಬ್ಬಿಗೆ 9. ಲೆಕ್ಕ ಹಾಕಿದರೆ ಕಾರ್ಬ್‌ಗೆ ಸುಮಾರು 260 ಗ್ರಾಂ ಉಳಿಯಿತು.

ತೂಗುವುದು ಹಸಿಯಾಗಿರುವಾಗಲೇ. ಮುದ್ದೆಯನ್ನಲ್ಲ, ರಾಗಿಹಿಟ್ಟನ್ನು ತೂಗಬೇಕು. ನೀರು ಎಷ್ಟು ಹಿಡಿದಿದೆ ಎಂಬುದರ ಮೇಲೆ ಮುದ್ದೆಯ ತೂಕ ದಿನಕ್ಕೊಂದು ಥರ. ಒಗ್ಗರಣೆ ಎಣ್ಣೆಯನ್ನು ಸೀಸೆಯಿಂದ ನೇರ ಸುರಿಯಬಾರದು, ಒಂದು ದೊಡ್ಡ ಚಮಚದಲ್ಲೇ ಸುಮಾರು 120 ಕ್ಯಾಲೊರಿ ಇರುತ್ತದೆ. ನಾಲ್ಕು ಮೊಟ್ಟೆ, 50 ಗ್ರಾಂ ಒಣ ಸೋಯಾ ಚಂಕ್ಸ್, 200 ಗ್ರಾಂ ಹಸಿ ಕೋಳಿ ಎದೆಮಾಂಸ ಸೇರಿದರೆ 95 ಗ್ರಾಂ ಪ್ರೋಟೀನ್. ಮಿಕ್ಕದ್ದು ಕಾಳುಸಾರು, ಮೊಸರು, ರಾಗಿಯಿಂದ.

ತೂಕ ನೋಡುವುದು ಬೆಳಿಗ್ಗೆ ಬರಿಹೊಟ್ಟೆಯಲ್ಲಿ, ವಾರದ ಸರಾಸರಿ ಮಾತ್ರ. ಎರಡು ವಾರ ಅದು ಕದಲದಿದ್ದರೆ ಕಾರ್ಬ್‌ನಿಂದ 100 ಕ್ಯಾಲೊರಿ ಕಳೆಯಿರಿ. ಪ್ರೋಟೀನ್ ಮುಟ್ಟಬೇಡಿ.