ಪ್ರಶ್ನೆಗಿಂತ ಮೊದಲು ಅರ್ಜಿ

ಅಪರಾಧಕ್ಕೆ ಸಿಕ್ಕಿ ನೊಂದವರ ಬಗ್ಗೆ ಹೊರದೇಶದ ಒಂದು ವಿಶ್ವವಿದ್ಯಾಲಯದವರು ಅಧ್ಯಯನ ಶುರು ಮಾಡಿದ್ದರು. ಕಲಬುರಗಿ, ಯಾದಗಿರಿ ಕಡೆ ಜನರನ್ನು ಮಾತಾಡಿಸುವ ಕೆಲಸ ನಮ್ಮ ಸಣ್ಣ ಸಂಸ್ಥೆಗೆ ಬಂತು. ನಾನು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸ್ವಯಂಸೇವಕಿಯೂ ಹೌದು. ಹಾಗಾಗಿ ಮೊದಲ ವಿಡಿಯೋ ಕಾಲ್‌ನಲ್ಲೇ ಹೇಳಿಬಿಟ್ಟೆ: ಪರಿಹಾರಕ್ಕೆ ಅರ್ಜಿ ಹಾಕೋದು ಹೇಗೆ ಅಂತ ತಿಳಿಸದೆ ಯಾರನ್ನೂ ಕೆದಕಿ ಕೇಳೋದಿಲ್ಲ.

ಅವರಿಗೆ ಸಂಶಯ. ಹಾಗೆ ಮಾಡಿದರೆ ಉತ್ತರಗಳ ಮೇಲೆ ಪರಿಣಾಮ ಆಗಲ್ವಾ ಎಂದರು. ಆಗುತ್ತದೆ, ನಿಜ. ಕೊನೆಗೆ ಒಂದು ದಾರಿ ಸಿಕ್ಕಿತು. "ಸರ್ಕಾರದಿಂದ ಪರಿಹಾರ ಸಿಗುತ್ತದೆ ಅಂತ ನಿಮಗೆ ಗೊತ್ತಿತ್ತಾ?" ಎಂಬ ಒಂದೇ ಪ್ರಶ್ನೆ ಮೊದಲು. ಆಮೇಲೆ ಮಾಹಿತಿ, ಬೇಕೆಂದವರಿಗೆ ಅರ್ಜಿ. ಉಳಿದ ಪ್ರಶ್ನೆಗಳೆಲ್ಲ ಅದರ ನಂತರ.

ಇದು ನನ್ನ ಹಟ ಮಾತ್ರ ಅಲ್ಲ. ವಿಶ್ವಸಂಸ್ಥೆಯ 1985ರ ಘೋಷಣೆ ಏನು ಹೇಳುತ್ತದೆ? ಆರೋಪಿ ಸಿಗಲಿ ಬಿಡಲಿ, ಶಿಕ್ಷೆ ಆಗಲಿ ಬಿಡಲಿ, ನೊಂದವರು ನೊಂದವರೇ. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ ನಮ್ಮ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 396ನೇ ಕಲಂನಲ್ಲೂ ಅದೇ ಧಾಟಿ ಇದೆ. ಅಪರಾಧಿ ಪತ್ತೆಯಾಗದೆ, ವಿಚಾರಣೆಯೇ ನಡೆಯದಿದ್ದರೂ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಆ ಅರ್ಜಿಯ ವಿಚಾರಣೆಯನ್ನು ಪ್ರಾಧಿಕಾರ ಎರಡು ತಿಂಗಳಲ್ಲಿ ಮುಗಿಸಬೇಕು. ಹಳೇ ಕಾಯ್ದೆಯಲ್ಲಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ, ಇದು 357ಎ ಕಲಂ. ನಾವು ಮಾತಾಡಿಸಿದವರಲ್ಲಿ ಬಹಳ ಮಂದಿ "ಕೇಸು ಮುಗೀಲಿ, ಆಮೇಲೆ ನೋಡೋಣ" ಅಂತಲೇ ಕೂತಿದ್ದರು.

ಪ್ರಶ್ನಾವಳಿಗೆ ತಳಪಾಯ 1989ರಲ್ಲಿ ಶುರುವಾದ ಅಂತರರಾಷ್ಟ್ರೀಯ ಅಪರಾಧ ಸಂತ್ರಸ್ತರ ಸಮೀಕ್ಷೆ. ಪೊಲೀಸ್ ಲೆಕ್ಕ ಬಿಟ್ಟು ನೇರ ಜನರನ್ನೇ ಕೇಳುವ ಪದ್ಧತಿ ಅದು. 1992ರಲ್ಲಿ ಮುಂಬೈಯಲ್ಲೂ ನಡೆದಿತ್ತು. ಕಳೆದ ಐದು ವರ್ಷಗಳಲ್ಲಿ ಏನಾಯಿತು, ಪೊಲೀಸರಿಗೆ ಹೇಳಿದಿರಾ, ಹೇಳದಿದ್ದರೆ ಯಾಕೆ, ಹೀಗೆ ಸಾಗುತ್ತದೆ. ಪ್ರಶ್ನೆಗಳೇನೋ ಒಳ್ಳೆಯವೇ. ಆದರೆ ಚಿಂಚೋಳಿ ಕಡೆಯ ತಾಂಡಾದಲ್ಲಿ ಕೂತು "ಯಾವ ವರ್ಷ?" ಅಂತ ಕೇಳಿದರೆ ಉತ್ತರ ಬರಲ್ಲ. ಎಳ್ಳಮಾವಾಸ್ಯೆಗೆ ಮುಂಚೆಯಾ, ಆಮೇಲಾ? ತೊಗರಿ ರಾಶಿ ಆಗಿತ್ತಾ? ಲಾಕ್‌ಡೌನ್‌ನಲ್ಲಿ ಪುಣೆಯಿಂದ ವಾಪಸ್ ಬಂದ ವರ್ಷವಾ? ಹೀಗೆ ಕೇಳಿದರೆ ತಿಂಗಳು ಕೂಡ ಸಿಗುತ್ತದೆ. ಹಬ್ಬ, ಸುಗ್ಗಿಗಳ ಒಂದು ಪಟ್ಟಿ ಮಾಡಿ ಪ್ರಶ್ನಾವಳಿಯ ಹಿಂದೆ ಅಂಟಿಸಿದೆವು. ಹೊರದೇಶದವರಿಗೆ ಇದು ತುಂಬಾ ಹಿಡಿಸಿತು.

ಜಾಸ್ತಿ ಜಗ್ಗಾಟ ಆಗಿದ್ದು ಊರಿನ ಕಾಲಂ ಬಗ್ಗೆ. ಹೆಸರು ತೆಗೆದರೆ ಸಾಕಲ್ಲ, ಊರು ಇರಲಿ ಎಂಬುದು ಅವರ ವಾದ. ನಲವತ್ತು ಮನೆಗಳ ತಾಂಡಾದಲ್ಲಿ ವಯಸ್ಸು, ಊರು, ಏನಾಯಿತು ಎಂಬ ಮೂರು ಸಂಗತಿ ಸಾಕು, ಚಹಾದಂಗಡಿಯಲ್ಲಿ ಕೂತವನೂ ಯಾರು ಅಂತ ಹೇಳುತ್ತಾನೆ. ಅದೂ ಅಲ್ಲದೆ ಅತ್ಯಾಚಾರಕ್ಕೆ ಒಳಗಾದವರ ಗುರುತು ಪ್ರಕಟಿಸಿದರೆ ಹಳೇ ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ತಾಲ್ಲೂಕಿನ ಹೆಸರಿಗೇ ನಿಲ್ಲಿಸಿದೆವು. ಮೂಲ ಹಾಳೆಗಳು ಕಲಬುರಗಿಯಲ್ಲಿ, ನಮ್ಮ ಬೀರುವಿನಲ್ಲೇ ಉಳಿದವು. ಮಕ್ಕಳನ್ನು ಮಾತಾಡಿಸಲೇ ಇಲ್ಲ. ಪೊಲೀಸರ ಮುಂದೆ, ಕೋರ್ಟಿನಲ್ಲಿ ಹೇಳಿ ಹೇಳಿ ಸಾಕಾಗಿರುವ ಮಗು ನಮ್ಮ ಮುಂದೆಯೂ ಯಾಕೆ ಹೇಳಬೇಕು?

ಯಾದಗಿರಿ ಕಡೆ ಒಬ್ಬ ಅಜ್ಜಿ ನನ್ನ ಪೆನ್ನನ್ನೇ ನೋಡುತ್ತಾ, "ಇದೆಲ್ಲಾ ಬರ್ಕೊಂಡು ಏನ್ ಮಾಡ್ತಿ ಯವ್ವಾ, ನಮಗೇನ್ ಸಿಗ್ತದ?" ಎಂದರು. ಅರ್ಜಿ ಅವರ ಮುಂದೆಯೇ ಇತ್ತು. ಸುಮ್ನೆ ಅದರ ಮೇಲೆ ಬೆರಳಿಟ್ಟು ತೋರಿಸಿದೆ. ಹೆಬ್ಬೆಟ್ಟು ಒತ್ತಿದ ಮೇಲೆ ಅವರು ಮಾತಾಡಿದ್ದೇ ಮಾತಾಡಿದ್ದು. ನನ್ನ ಹಾಳೆಗಳೇ ಸಾಲಲಿಲ್ಲ.

ಈ ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ಮಾತು. ಎಫ್‌ಐಆರ್ ಪ್ರತಿಗೆ ದುಡ್ಡು ಕೊಡಬೇಕಿಲ್ಲ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅದು ಉಚಿತ. ತನಿಖೆ ಎಲ್ಲಿಗೆ ಬಂತು ಅಂತ 90 ದಿನಗಳೊಳಗೆ ಪೊಲೀಸರೇ ತಿಳಿಸಬೇಕು. ಆಸ್ಪತ್ರೆಯ ಚೀಟಿಗಳನ್ನು ಎಸೆಯಬೇಡಿ ಅಂತ ಮೊದಲೇ ಹೇಳಿಡಿ. ಪಾಸ್‌ಬುಕ್ ಅಂತೂ ತೆರೆದು ನೋಡಲೇಬೇಕು. ಎಷ್ಟೋ ಹೆಂಗಸರ ಖಾತೆ ಗಂಡನ ಜೊತೆ ಜಂಟಿಯಾಗಿರುತ್ತದೆ. ಹೊಡೆದವನೇ ಗಂಡ ಆಗಿದ್ದರೆ ಪರಿಹಾರದ ದುಡ್ಡು ಯಾರ ಕೈಗೆ ಹೋಗುತ್ತದೆ ಹೇಳಿ? ಅಂಥ ಕಡೆ ಅರ್ಜಿ ಕೊಡುವ ಮುಂಚೆ ಆಕೆಯೊಬ್ಬಳ ಹೆಸರಲ್ಲೇ ಖಾತೆ ತೆರೆಸುತ್ತೇವೆ.